ಬೀಗದವರ ಮನೆಯ ತೆರೆದ ಬಾಗಿಲು

ಬೀಗ ರಿಪೇರಿ ಮಾಡುವವನ ಮನೆಯ ಮುಂಬಾಗಿಲೇ ಬೆಳಗಾಗುವಷ್ಟರಲ್ಲಿ ಹಾರು ಹೊಡೆದುಕೊಂಡಿದ್ದರೆ ಓಣಿಯವರು ನಗದೆ ಇನ್ನೇನು ಮಾಡುತ್ತಾರೆ? ಮೊದಲು ನೋಡಿದವಳು ಹಾಲು ತರುವ ಹೆಂಗಸು. ಕ್ಯಾನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು.

"ಬೀಗದಣ್ಣಾ, ಊರಿಗೆಲ್ಲ ಬೀಗ ಹಾಕಿ ಹಾಕಿ ನಿಮ್ಮನೆಗೆ ಹಾಕೋದೇ ಮರೆತುಬಿಟ್ರಾ?"

ಬೀಗದವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದ. ಗಿರಾಕಿಗಳು ನಂಬಿ ಕೊಟ್ಟ ಬೀಗದ ಕೈಗಳ ಚೀಲ ಮಂಚದ ಕೆಳಗೆ ಹಾಗೇ ಇತ್ತು. ಅದನ್ನು ಮುಟ್ಟಿ ನೋಡಿದ ಮೇಲೆಯೇ ಅವನಿಗೆ ಉಸಿರು ಬಂದದ್ದು. ಆಮೇಲೆ ಅಡುಗೆಮನೆಗೆ ನುಗ್ಗಿದ.

"ಚಿಲಕ ಯಾರು ತೆಗೆದಿದ್ದು? ನಿನ್ನೆ ನಾನೇ ಹಾಕಿದ್ದೀನಿ, ಈ ಕೈಯಾರೆ!"

"ನನ್ನ ಯಾಕೆ ನೋಡ್ತೀರಿ? ನಾನು ಎದ್ದೋಳೇ ಒಲೆ ಮುಂದೆ ಬಂದಿದ್ದೀನಿ," ಎಂದಳು ಅವನ ಹೆಂಡತಿ.

"ನಾನಂತೂ ಅಲ್ಲಪ್ಪ," ಎಂದಳು ಹತ್ತನೆಯ ಕ್ಲಾಸಿನ ಮಗಳು, ತಲೆ ಬಾಚಿಕೊಳ್ಳುತ್ತ.

ಅವನ ತಾಯಿ, ಮನೆಮಂದಿಗೆಲ್ಲ ಅಜ್ಜಿ, ಆಲೂಗಡ್ಡೆ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಸುಕ್ಕುಗಟ್ಟಿದ ಮುಖದಲ್ಲಿ ಹೆದರಿಕೆ ಇರಲಿಲ್ಲ. ಯಾರೋ ಬೇಕಾದವರು ಬಂದು ಹೋದ ಸುದ್ದಿ ಕೇಳಿದಂತೆ ಮುಖ ಅರಳಿತ್ತು. ಅವಳ ಮಗ್ಗುಲಲ್ಲಿ ಕೂತು ಹಾಲು ಕುಡಿಯುತ್ತಿದ್ದ ಆರು ವರ್ಷದ ಗುಬ್ಬಿ ಲೋಟದೊಳಗೆ ಮುಖ ಹುದುಗಿಸಿದಳು.

ಗುಬ್ಬಿ ಬೀಗದವನ ತಂಗಿಯ ಮಗಳು. ತಂಗಿ ಹೊಲಿಗೆಯವಳಾಗಿದ್ದಳು. ಗಂಡ ಬಿಟ್ಟುಹೋದ ಮೇಲೆ ಮಗುವನ್ನೂ ಕಾಲಲ್ಲಿ ತುಳಿಯುವ ಮಿಷನ್ನನ್ನೂ ತಂದು ಅಣ್ಣನ ಮನೆಯ ಹಿಂಬದಿಯ ಕೋಣೆಯಲ್ಲಿ ಸಂಸಾರ ಹೂಡಿದ್ದಳು. ಬೇಸಿಗೆಯಲ್ಲಿ ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ಗುಬ್ಬಿಗೆಂದು ಹೊಲಿಯುತ್ತಿದ್ದ ಯೂನಿಫಾರಂ ಸ್ಕರ್ಟು ಮಿಷನ್ ಮೇಲೇ ಉಳಿಯಿತು. ಅಂಚಿನ ಹೊಲಿಗೆ ಅರ್ಧಕ್ಕೆ ಬಂದಿತ್ತು, ಸೂಜಿ ಬಟ್ಟೆಯೊಳಗೇ ಇಳಿದಿತ್ತು. ಅದನ್ನು ಎತ್ತಲು ಅಜ್ಜಿ ಯಾರನ್ನೂ ಬಿಡಲಿಲ್ಲ. ಗುಬ್ಬಿ ಅಂಗಡಿಯಿಂದ ತಂದ ದೊಗಳೆ ಸ್ಕರ್ಟು ಹಾಕಿಕೊಂಡು ಸ್ಕೂಲಿಗೆ ಸೇರಿದಳು.

ಬೀಗದವನ ಹೆಂಡತಿಯನ್ನು ಓಣಿಯೆಲ್ಲ ಟೀಚರ್ ಎನ್ನುತ್ತಿತ್ತು. ಗುಬ್ಬಿ ಮಾತ್ರ ಮನೆಯಲ್ಲಿ ಟೀಚರತ್ತೆ ಎಂದು ಕರೆಯುತ್ತಿದ್ದಳು. ಅವಳು ಕಲಿಸುತ್ತಿದ್ದುದು ಧರ್ಮಗಳ ಪರಿಚಯ, ಒಂದನೆಯ ಕ್ಲಾಸಿನಿಂದ ಹತ್ತರವರೆಗೆ ಎಲ್ಲರಿಗೂ. ಲೆಕ್ಕದ ಮೇಷ್ಟ್ರಿಗೆ ಎರಡೇ ಕ್ಲಾಸು, ಇವಳಿಗೆ ಇಡೀ ಸ್ಕೂಲು. ಒಂದು ಪೀರಿಯಡ್ಡಿನಲ್ಲಿ ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳು, ಮುಂದಿನದರಲ್ಲಿ ಮೀಸೆ ಚಿಗುರಿದ ಹುಡುಗರು. ಚಿಕ್ಕವರಿಗಾಗಿ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡಿದ್ದಳು. ಅದರಲ್ಲಿ ದೀಪ, ಗಂಟೆ, ಮಣಿಮಾಲೆ, ಮಡಚಿದ ಪುಟ್ಟ ಚಾಪೆ ಇದ್ದವು. ಅವನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿದರೆ ಪಾಠ ಮುಗಿದಂತೆ. ದೊಡ್ಡವರಿಗೆ ಪೆಟ್ಟಿಗೆ ಬೇಡ, ಜಗಳ ಸಾಕು.

ಎಲ್ಲರಿಗೂ ಅವಳ ನಿಯಮ ಒಂದೇ. ಯಾವುದನ್ನೂ ಹೌದು ಎನ್ನಬಾರದು, ಅಲ್ಲ ಎನ್ನಬಾರದು. "ಕೆಲವರು ಹೀಗೆ ನಂಬುತ್ತಾರೆ, ಇನ್ನು ಕೆಲವರು ಹಾಗೆ ನಂಬುತ್ತಾರೆ." ಈ ಮಾತನ್ನು ಹೇಳಿ ಹೇಳಿ ಅವಳ ನಾಲಿಗೆಯಲ್ಲಿ ಅದಕ್ಕೊಂದು ದಾರಿಯೇ ಬಿದ್ದಿತ್ತು. ಯಾವ ಮನೆಯ ಮಗುವೂ ಅವಳ ಕ್ಲಾಸಿನಿಂದ ಅಳುತ್ತ ಹೋಗಿರಲಿಲ್ಲ, ಯಾವ ಮನೆಯವರೂ ದೂರು ತಂದಿರಲಿಲ್ಲ. ಅದು ಅವಳ ಹೆಮ್ಮೆ.

ಆ ವಾರ ಒಂದನೆಯ ಕ್ಲಾಸಿಗೆ ತೀರಿಹೋದವರನ್ನು ನೆನೆಯುವ ಪಾಠ ಮುಗಿಸಿದ್ದಳು. ಪುಟ್ಟ ಬೆಂಚಿನ ತುದಿಯಲ್ಲಿ ಗುಬ್ಬಿಯೂ ಕೂತಿದ್ದಳು. "ಸತ್ತವರು ನಿದ್ದೆ ಮಾಡ್ತಾರೆ ಅಂತ ಕೆಲವರು ನಂಬ್ತಾರೆ. ಬೇರೆ ಮಗುವಾಗಿ ಹುಟ್ತಾರೆ ಅಂತ ಕೆಲವರು. ತಮ್ಮ ಮನೆ ನೋಡೋಕೆ ಬರ್ತಾರೆ ಅಂತ ಇನ್ನು ಕೆಲವರು. ಅಂಥವರು ಬಾಗಿಲು ತೆಗೆದಿಟ್ಟಿರ್ತಾರೆ." ಹೇಳುವಾಗ ಗುಬ್ಬಿಯ ಮುಖ ಕಂಡು ಒಂದು ಕ್ಷಣ ತಡವರಿಸಿದ್ದಳು. ಆದರೆ ಮಗು ತೆಪ್ಪಗೆ ಗಂಟೆಯನ್ನು ಪಕ್ಕದವಳಿಗೆ ದಾಟಿಸಿತ್ತು.

ಬಾಗಿಲು ಮೂರು ಸಲ ತೆರೆದ ಮೇಲೆ ಹತ್ತನೆಯ ಕ್ಲಾಸಿನಲ್ಲಿ ಸ್ವಂತ ಮಗಳೇ ಕೈಯೆತ್ತಿದಳು. ಸ್ಕೂಲಿನಲ್ಲಿ ಅವಳು ಅಮ್ಮನನ್ನು ಅಮ್ಮ ಎನ್ನುವಂತಿರಲಿಲ್ಲ.

"ಟೀಚರ್, ಒಂದು ಮನೇಲಿ ಚಿಲಕ ತಾನಾಗೇ ತೆರ್ಕೊಳ್ತಾ ಇದೆ. ಯಾವ ಧರ್ಮದೋರನ್ನ ಕರೆಸ್ಬೇಕು?"

ಹುಡುಗರು ಬೆಂಚು ಕುಟ್ಟಿ ನಕ್ಕರು. "ಮೊದಲು ಬೀಗದವನನ್ನು ಕರೆಸು," ಎಂದಳು ಟೀಚರ್. ನಗು ಇನ್ನೂ ಜೋರಾಯಿತು. ಮಗಳು ಮಾತ್ರ ನಗಲಿಲ್ಲ. ಹುಡುಗಿ ನಿಜವಾಗಿ ಹೆದರಿದ್ದಾಳೆಂದು ತಾಯಿಗೆ ಆಗಲೇ ಗೊತ್ತಾಯಿತು.

ಅಂದು ಸಂಜೆ ಊಟಕ್ಕೆ ಕೂತಾಗ ಅಜ್ಜಿ ತಟ್ಟೆ ಹಾಕಿದಳು. ಒಂದು ತಟ್ಟೆ ಹೆಚ್ಚಿಗೆ ಬಂತು. ಯಾರೂ ಏನೂ ಅನ್ನುವ ಮೊದಲೇ ಅದರಲ್ಲಿ ಅನ್ನ ಬಡಿಸಿ, ಬೇಯಿಸಿದ ಮೊಟ್ಟೆಯನ್ನು ಎರಡಾಗಿ ಕೊಯ್ದು ಇಟ್ಟಳು.

"ಯಾರಿಗಮ್ಮ ಅದು?" ಎಂದ ಬೀಗದವನು.

"ನಿನ್ನ ತಂಗಿ ಬರ್ತಿದ್ದಾಳೆ. ಬಂದವಳು ಖಾಲಿ ಹೊಟ್ಟೇಲಿ ಹೋಗ್ಬೇಕಾ?"

"ಅಮ್ಮಾ, ನಾನೇ ಅವಳನ್ನ ಎತ್ತಿಕೊಂಡು ಹೋಗಿ ಎಲ್ಲ ಮುಗಿಸಿ ಬಂದೋನು. ನನ್ನ ಮುಂದೆ ಈ ಮಾತು ಬೇಡ."

"ನೀನು ಮುಗಿಸಿ ಬಂದೆ. ನನಗೆ ಮುಗಿದಿಲ್ಲ ಕಣೋ."

ಅವನು ಕೈ ತೊಳೆದು ಎದ್ದುಹೋದ. ಗುಬ್ಬಿಯ ದನಿ ಸಣ್ಣಗೆ ಬಂತು. "ಅಜ್ಜಿ, ನಮ್ಮಮ್ಮ ಏನು ನಂಬ್ತಿದ್ಲು?"

"ಅಂದ್ರೆ?"

"ಕೆಲವರು ನಿದ್ದೆ ಅಂತ ನಂಬ್ತಾರೆ, ಕೆಲವರು ಮನೆಗೆ ಬರ್ತೀವಿ ಅಂತ ನಂಬ್ತಾರೆ. ಮನೆಗೆ ಬರ್ತೀನಿ ಅಂತ ನಂಬಿದ್ರೇ ತಾನೆ ಬರೋಕಾಗೋದು? ಅಮ್ಮ ಯಾವ್ದನ್ನ ನಂಬಿದ್ಲು?"

ಟೀಚರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ವರ್ಷದ ಪಾಠದಲ್ಲಿ ಹೀಗೆ ಅರ್ಥ ಮಾಡಿಕೊಂಡ ಮಗುವನ್ನು ಅವಳು ಕಂಡಿರಲಿಲ್ಲ. ಯಾರು ಏನನ್ನು ನಂಬಿ ಸಾಯುತ್ತಾರೋ ಅವರಿಗೆ ಅದೇ ಸಿಗುತ್ತದೆ, ಅಂಗಡಿಯಲ್ಲಿ ಕೇಳಿದ್ದನ್ನು ಕಟ್ಟಿಕೊಟ್ಟ ಹಾಗೆ.

"ಮನೆಗೇ ಬರ್ತೀನಿ ಅಂತಿದ್ಲು, ಇನ್ನೇನು?" ಎಂದುಬಿಟ್ಟಳು ಅಜ್ಜಿ. "ಈ ಮನೆ ಬಿಟ್ರೆ ಅವಳಿಗೆ ಎಲ್ಲಿದೆ?"

ಗುಬ್ಬಿ ಟೀಚರತ್ತೆಯ ಮುಖ ನೋಡಿದಳು. ಟೀಚರ್ ನೀರು ಕುಡಿದಳು. ನಾದಿನಿ ಏನು ನಂಬಿದ್ದಳೆಂದು ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಆಸ್ಪತ್ರೆಯಲ್ಲಿ ಕೊನೆಯ ಮಧ್ಯಾಹ್ನ ಮಂಚದ ಪಕ್ಕ ಕೂತಿದ್ದವಳು ಅವಳು. ಆ ಮಾತನ್ನು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

ಬೀಗದವನು ಸೋಲುವ ಜಾತಿಯವನಲ್ಲ. ಹಳೆಯ ಬೀಗವನ್ನು ತಂಗಿ ತೀರಿಕೊಂಡ ವಾರವೇ ಬದಲಾಯಿಸಿದ್ದ, ಅವಳ ಕೀ ಆಸ್ಪತ್ರೆಯಲ್ಲಿ ಎಲ್ಲೋ ಕಳೆದುಹೋಗಿತ್ತೆಂದು. ಈಗ ಮೇಲುಗಡೆ ಇನ್ನೊಂದು ಚಿಲಕ ಜಡಿದು, ಎರಡಕ್ಕೂ ಎಣ್ಣೆ ಬಿಟ್ಟು, ಸದ್ದಿಲ್ಲದೆ ಬೆಣ್ಣೆಯಂತೆ ಜಾರುವ ಹಾಗೆ ಮಾಡಿದ. ಎರಡು ದಿನ ಬಾಗಿಲು ಮುಚ್ಚಿಯೇ ಇತ್ತು. ಅವನು ಓಣಿಯಲ್ಲಿ ಎದೆಯುಬ್ಬಿಸಿ ನಡೆದ. ಮೂರನೆಯ ಬೆಳಿಗ್ಗೆ ಬಾಗಿಲು ಹಾರು ಹೊಡೆದಿತ್ತು, ಪಕ್ಕದ ಮನೆಯ ನಾಯಿ ಹಜಾರದಲ್ಲಿ ನಿಂತು ಅವನ ಚಪ್ಪಲಿ ಮೂಸುತ್ತಿತ್ತು.

"ಅಣ್ಣಾ, ನಿಮ್ಮ ಬೀಗಕ್ಕೆ ಗ್ಯಾರಂಟಿ ಉಂಟಾ?" ಎಂದಳು ಹಾಲಿನವಳು.

ಅಂದಿನಿಂದ ಅವನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯತೊಡಗಿದ. ಉಪ್ಪು ಹೆಚ್ಚಾಯಿತೆಂದು ಹೆಂಡತಿಯ ಮೇಲೆ, ದೀಪ ಉರಿಸಿದ್ದಳೆಂದು ಮಗಳ ಮೇಲೆ. ಮಗಳು ಅಮ್ಮನ ಮಗ್ಗುಲು ಬಿಟ್ಟು ಮಲಗುತ್ತಿರಲಿಲ್ಲ. ಅಜ್ಜಿ ಮಾತ್ರ ದಿನೇ ದಿನೇ ಗೆಲುವಾಗುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಬಾಗಿಲು ನೋಡುವುದು, ತೆರೆದಿದ್ದರೆ ಅಂದೆಲ್ಲ ಗುನುಗುತ್ತ ಪಾತ್ರೆ ಬೆಳಗುವುದು. ಗುಬ್ಬಿ ಸೊರಗುತ್ತಿದ್ದಳು. ಪಾಠದಲ್ಲಿ ತೂಕಡಿಸುತ್ತಾಳೆಂದು ಒಂದನೆಯ ಕ್ಲಾಸಿನ ಮೇಡಂ ಬಂದು ಟೀಚರಿಗೆ ದೂರು ಕೊಟ್ಟರು.

ಒಂದನೆಯ ಕ್ಲಾಸಿನವರನ್ನು ದಿನವೂ ಊಟದ ಹೊತ್ತಿಗೇ ಮನೆಗೆ ಕಳಿಸುತ್ತಿದ್ದರು. ಪರೀಕ್ಷೆಯ ದಿನ ಇಡೀ ಸ್ಕೂಲು ಮಧ್ಯಾಹ್ನಕ್ಕೇ ಬಿಟ್ಟಿತು. ಟೀಚರ್ ಉತ್ತರಪತ್ರಿಕೆಯ ಕಟ್ಟು ಹಿಡಿದು ಮನೆಯೊಳಗೆ ಕಾಲಿಟ್ಟಾಗ ಹಿಂಬದಿಯ ಕೋಣೆಯಲ್ಲಿ ಮಿಷನ್ ತುಳಿಯುವ ಸದ್ದು ಕೇಳಿಸಿತು. ನಾದಿನಿಯ ತುಳಿತವೇ. ನಾಲ್ಕು ಬೇಗ ಬೇಗ, ಒಂದು ತಡೆದು. ಬಟ್ಟೆ ತಿರುಗಿಸಲು ಅವಳು ಹಾಗೆ ತಡೆಯುತ್ತಿದ್ದಳು.

ಎಲ್ಲ ಧರ್ಮಗಳ ದೆವ್ವಗಳನ್ನೂ ಬೋರ್ಡಿನ ಮೇಲೆ ಸಾಲಾಗಿ ಬರೆದು ಅಳಿಸಿದ್ದವಳು ಈಗ ತನ್ನದೇ ಮನೆಯ ಗೋಡೆ ಹಿಡಿದು ನಿಂತಿದ್ದಳು. ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಬಾಗಿಲು ತಳ್ಳಿದಳು.

ಮಿಷನ್ ಮುಂದೆ ಅಜ್ಜಿ ಕೂತಿದ್ದಳು. ಬೆಲ್ಟು ಕಳಚಿ ಮೊಳೆಗೆ ನೇತುಹಾಕಿದ್ದಳು. ಕೆಳಗಿನ ಚಕ್ರ ಮಾತ್ರ ಗಿರಗಿರನೆ ತಿರುಗುತ್ತಿತ್ತು. ಮೇಲೆ ಸೂಜಿ ಸ್ಕರ್ಟಿನೊಳಗೆ ಅಲುಗದೆ ನಿಂತಿತ್ತು.

"ಅತ್ತೆ!" ಎಂದು ಪಿಸುಗುಟ್ಟಿದಳು.

ಅಜ್ಜಿ ಬೆಚ್ಚಿ ಕಾಲು ತೆಗೆದಳು. ಚಕ್ರ ಇನ್ನೂ ಅರ್ಧ ಸುತ್ತು ತಿರುಗಿ ನಿಂತಿತು.

"ಇನ್ನೂ ಮೆತ್ತಗೆ ಮಾತಾಡು, ಮಗು ಮಲಗಿದೆ," ಎಂದಳು. ಸಿಕ್ಕಿಬಿದ್ದ ಮಗುವಿನಂತೆ ಮುಖ ಸಪ್ಪಗಾಗಿತ್ತು. "ರಾತ್ರಿ ಅವಳು ಬರ್ತಾಳೆ, ಬಾಗಿಲು ತೆಗೀತಾಳೆ. ಹಗಲು ನನಗೆ ಹೊತ್ತು ಹೋಗಲ್ಲ. ಒಂಚೂರು ತುಳಿದ್ರೆ ಈ ಕೋಣೇಲೇ ಇದ್ದಾಳೆ ಅನ್ಸುತ್ತೆ. ಮಗು ಎದ್ದ ಸದ್ದಾದ್ರೆ ಹಿತ್ತಲಿಗೆ ಹೋಗ್ಬಿಡ್ತೀನಿ. ಬೆಲ್ಟು ತೆಗೆದಿದ್ದೀನಿ ನೋಡು, ಅವಳು ನಿಲ್ಲಿಸಿದ ಜಾಗ ಕೆಡಿಸಿಲ್ಲ."

ಟೀಚರ್ ಬಾಗಿಲನ್ನು ಮೆಲ್ಲನೆ ಎಳೆದುಕೊಂಡಳು. ಹಜಾರಕ್ಕೆ ಬಂದರೆ ಚಾಪೆಯ ಮೇಲೆ ಗುಬ್ಬಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.

"ಕೇಳಿಸ್ತಾ ಟೀಚರತ್ತೆ? ಅಮ್ಮ ದಿನಾ ಬಂದು ಹೊಲೀತಾಳೆ. ನಾನು ಎದ್ದು ಹೋಗೋಷ್ಟರಲ್ಲಿ ಇರಲ್ಲ. ಚಕ್ರ ಮಾತ್ರ ಇನ್ನೂ ತಿರುಗ್ತಿರುತ್ತೆ."

ಟೀಚರ್ ಪಕ್ಕದಲ್ಲಿ ಕೂತಳು. "ಬಾಗಿಲು ನೀನಾ ಗುಬ್ಬಿ ತೆಗೆಯೋದು?"

ಮಗು ಎದ್ದು ಕೂತಿತು. ಆಮೇಲೆ ಕಿವಿಯ ಹತ್ತಿರ ಬಂದು ಹೇಳಿತು. "ಮಾವ ಬೀಗ ಬದಲಾಯಿಸಿದ್ರಲ್ಲ. ಅಮ್ಮನ ಹತ್ರ ಇರೋದು ಹಳೇ ಕೀ. ಸಂಜೆ ಆಚೆ ಹೋದ್ರೆ ಹೆಂಗೆ ಒಳಗೆ ಬರ್ತಾಳೆ? ಮೇಲಿನ ಚಿಲಕಕ್ಕೆ ಸ್ಟೂಲು ಹಾಕ್ಕೊಳ್ತೀನಿ. ಮಾವಂಗೆ ಹೇಳ್ಬೇಡಿ."

ಎರಡೂ ಗುಟ್ಟು ಒಂದೇ ಮಧ್ಯಾಹ್ನ ಟೀಚರ ಮಡಿಲಿಗೆ ಬಿದ್ದವು. ಮಗು ಬಾಗಿಲು ತೆಗೆಯುತ್ತಿತ್ತು, ಅದನ್ನು ಕಂಡು ಅಜ್ಜಿ ಮಗಳು ಬಂದಳೆಂದು ನಂಬುತ್ತಿದ್ದಳು. ಅಜ್ಜಿ ಮಿಷನ್ ತುಳಿಯುತ್ತಿದ್ದಳು, ಅದನ್ನು ಕೇಳಿ ಮಗು ಅಮ್ಮ ಬಂದಳೆಂದು ನಂಬುತ್ತಿತ್ತು. ಒಬ್ಬರ ನಂಬಿಕೆಗೆ ಇನ್ನೊಬ್ಬರು ಸಾಕ್ಷಿ. ಸತ್ತವಳನ್ನು ಅವರಿಬ್ಬರೂ ಹೀಗೆ ಉಳಿಸಿಕೊಂಡಿದ್ದರು, ಇದು ಇಬ್ಬರಿಗೂ ಗೊತ್ತಿರಲಿಲ್ಲ.

ಹೇಳಿಬಿಡಬೇಕಿತ್ತು. ಅವಳು ಹೇಳಲಿಲ್ಲ. ಮಗುವಿನ ಕಣ್ಣು, ಮುದುಕಿಯ ಗುನುಗು, ಎರಡನ್ನೂ ಒಂದೇ ಮಾತಿನಲ್ಲಿ ಆರಿಸುವ ಧೈರ್ಯ ಅವಳಿಗಿರಲಿಲ್ಲ. ಇವಳು ಹೀಗೆ ನಂಬುತ್ತಾಳೆ, ಅವಳು ಹಾಗೆ ನಂಬುತ್ತಾಳೆ, ನಂಬಿಕೊಂಡಿರಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಗಂಡ ಚಿಲಕದ ವಿಷಯಕ್ಕೆ ಕೂಗಾಡಿದಾಗ ತಲೆ ತಗ್ಗಿಸಿ ಉತ್ತರಪತ್ರಿಕೆ ತಿದ್ದಿದಳು.

ಮುಂದಿನ ವಾರ ಒಂದು ಮುಂಜಾನೆ ಹಾಲಿನವಳು ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಗುಬ್ಬಿಯನ್ನು ಹಿಡಿದುಕೊಂಡು ಬಂದಳು. ಈ ಸಲ ಅವಳು ಹಾಸ್ಯ ಮಾಡಲಿಲ್ಲ.

"ಬಸ್ ಸ್ಟಾಪಿನ ಹತ್ರ ನಿಂತಿತ್ತು. ಲಾರಿಗಳು ಓಡಾಡೋ ರಸ್ತೆ ಕಣ್ರೀ. ಮೈಯೆಲ್ಲ ಕಾಯ್ತಿದೆ ಮಗೂಗೆ."

ಗುಬ್ಬಿಯ ಮುಷ್ಟಿಯಲ್ಲಿ ಹೊಸ ಬೀಗದ ಕೀ ಇತ್ತು. ಮಾವ ನೇತುಹಾಕುವ ಮೊಳೆಯಿಂದ ತೆಗೆದದ್ದು. "ಅಮ್ಮಂಗೆ ಕೊಡೋಣ ಅಂತ," ಎಂದಳು. "ಅಮ್ಮ ಬಸ್ಸಲ್ಲೇ ತಾನೇ ಆಸ್ಪತ್ರೆಗೆ ಹೋಗಿದ್ದು?"

ಬೀಗದವನು ಮಗುವನ್ನು ಎತ್ತಿಕೊಂಡು ಒಳಗೆ ಹೋದ. ಬಯ್ಯಲು ಬಾಯಿ ತೆರೆದವನಿಗೆ ಅಳು ಬಂತು. ಟೀಚರ್ ಹೊಸ್ತಿಲಲ್ಲೇ ಕೂತಳು. ಆ ರಸ್ತೆಯಲ್ಲಿ ಏನಾದರೂ ಆಗಿದ್ದರೆ ಅದಕ್ಕೆ ತಾನೊಬ್ಬಳೇ ಹೊಣೆ, ಬೇರೆ ಯಾರೂ ಅಲ್ಲ ಎಂದು ಅವಳಿಗೆ ಗೊತ್ತಿತ್ತು.

ಜ್ವರ ಇಳಿದ ದಿನ ಎಲ್ಲರೂ ಊಟಕ್ಕೆ ಕೂತಾಗ ಅಜ್ಜಿ ಎಂದಿನಂತೆ ಹೆಚ್ಚಿನ ತಟ್ಟೆ ತಂದಳು. ಟೀಚರ್ ಅದರ ಮೇಲೆ ಕೈಯಿಟ್ಟಳು.

"ಅತ್ತೆ, ಬಡಿಸ್ಬೇಡಿ."

"ಯಾಕೆ?"

"ಬಾಗಿಲು ತೆಗೀತಿದ್ದದ್ದು ಗುಬ್ಬಿ."

ಅಜ್ಜಿಯ ಕೈಯ ಸೌಟು ನಿಂತಿತು. "ಏನಂದೆ?"

ಟೀಚರ್ ಮಗುವಿನ ಕಡೆ ತಿರುಗಿದಳು. "ಗುಬ್ಬಿ, ಮಿಷನ್ ತುಳೀತಿದ್ದದ್ದು ಅಜ್ಜಿ. ಬೆಲ್ಟು ಬಿಚ್ಚಿಟ್ಟು ತುಳೀತಿದ್ರು. ನಾನು ಕಣ್ಣಾರೆ ನೋಡಿದೆ."

ಅಜ್ಜಿ ಮೊಮ್ಮಗಳನ್ನು ನೋಡಿದಳು, ಮೊಮ್ಮಗಳು ಅಜ್ಜಿಯನ್ನು ನೋಡಿದಳು. ಆ ನೋಟವನ್ನು ಟೀಚರ್ ಬದುಕಿರುವವರೆಗೂ ಮರೆಯಲಾರಳು.

"ನೀನಾ?" ಎಂದಳು ಅಜ್ಜಿ.

"ನೀವಾ ಅಜ್ಜಿ?" ಎಂದಿತು ಮಗು. "ಒಂದಿನಾನೂ ಅಮ್ಮ ಬಂದಿಲ್ವಾ?"

ಅಜ್ಜಿಯ ಸಿಟ್ಟು ಸೊಸೆಯ ಮೇಲೆ ತಿರುಗಿತು. "ನಿನಗೇನು ಸಿಕ್ತೇ ಇದನ್ನ ಹೇಳಿ? ಊರ ಮಕ್ಕಳಿಗೆಲ್ಲ ಅವರು ಹೀಗೆ, ಇವರು ಹಾಗೆ ಅಂತ ನಯವಾಗಿ ಹೇಳೋಳು, ನನ್ನ ಮಗಳ ಪಾಲಿಗೆ ಮಾತ್ರ ಇಲ್ಲ ಅಂತೀಯಾ?"

"ಅಮ್ಮಾ, ಸಾಕು," ಎಂದ ಬೀಗದವನು.

"ಅವಳು ಏನು ನಂಬಿದ್ದಳು ಅಂತ ಗುಬ್ಬಿ ಕೇಳಿದ್ಲಲ್ಲ ಅತ್ತೆ," ಎಂದಳು ಟೀಚರ್. "ಕೊನೇ ದಿನ ನಾನು ನನ್ನ ಪಾಠ ಶುರು ಮಾಡಿದೆ, ಕೆಲವರು ಹೀಗೆ ಅಂತಾರೆ ಅಂತ. ಅವಳು ತಡೆದ್ಲು. 'ಅತ್ತಿಗೆ, ಸುಸ್ತಾಗಿದೆ. ಇನ್ನು ಎಲ್ಲಿಗೂ ಹೋಗೋದೂ ಬೇಡ, ಬರೋದೂ ಬೇಡ. ಮಲಗಿಬಿಟ್ರೆ ಸಾಕು' ಅಂದ್ಲು."

ಗುಬ್ಬಿ ಅನ್ನವನ್ನೇ ನೋಡುತ್ತಿದ್ದಳು.

"ನನ್ನ ನೋಡೋಕೂ ಬೇಡ ಅಂದ್ಲಾ?"

"ಇಲ್ಲ ಕಂದ. ನಿನ್ನ ಸ್ಕರ್ಟು ಅರ್ಧಕ್ಕೆ ನಿಂತಿದೆ ಅಂತ ಅತ್ಲು. ಮುಗಿಸಿಬಿಡಿ ಅತ್ತಿಗೆ ಅಂದ್ಲು. ನಾನು ಮುಗಿಸಲಿಲ್ಲ."

"ಹಾಗಾದ್ರೆ ಈಗ ಮಲಗಿದ್ದಾಳಾ? ನೀವು ಏನು ನಂಬ್ತೀರಿ ಟೀಚರತ್ತೆ?"

ಈ ಪ್ರಶ್ನೆಯನ್ನು ಸ್ಕೂಲಿನಲ್ಲಿ ಎಷ್ಟೋ ಮಕ್ಕಳು ಕೇಳಿದ್ದರು, ಅವಳು ನಕ್ಕು ಜಾರಿಕೊಂಡಿದ್ದಳು. ಈಗ ಜಾರಲಿಲ್ಲ. "ಬರಲ್ಲ ಗುಬ್ಬಿ. ಬರೋ ಹಾಗಿದ್ರೆ ನಿನಗೋಸ್ಕರ ಎಂದೋ ಬಂದಿರೋಳು. ಬರಲ್ಲ."

ಮಗು ಗಟ್ಟಿಯಾಗಿ ಅತ್ತಿತು. ಬೇಸಿಗೆಯಿಂದ ಒಂದು ಸಲವೂ ಹಾಗೆ ಅತ್ತಿರಲಿಲ್ಲ. ಅಜ್ಜಿ ಅದನ್ನು ಸೆಳೆದು ಮಡಿಲಿಗೆ ಹಾಕಿಕೊಂಡಳು, ತಾನೂ ಅತ್ತಳು. ಹತ್ತನೆಯ ಕ್ಲಾಸಿನವಳು ಎದ್ದು ಹೆಚ್ಚಿನ ತಟ್ಟೆಯನ್ನು ಒಳಗಿಟ್ಟು ಬಂದಳು.

ಎರಡು ದಿನ ಅಜ್ಜಿ ಸೊಸೆಯೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ಮೊಳೆಯಿಂದ ಬೆಲ್ಟು ತೆಗೆದು ಚಕ್ರಕ್ಕೆ ಏರಿಸಿದಳು. ಕೈಯಿಂದ ಚಕ್ರ ತಿರುಗಿಸಿದಾಗ ಸೂಜಿ ಮೆಲ್ಲನೆ ಮೇಲೆ ಬಂತು. ಅದು ನಿಂತ ಜಾಗದಲ್ಲಿ ಬಟ್ಟೆಗೆ ತುಕ್ಕಿನ ಒಂದು ಚುಕ್ಕೆ ಉಳಿದಿತ್ತು. ಅಜ್ಜಿಗೆ ಹೊಲಿಗೆ ಅಷ್ಟು ಬಾರದು. ಅಂಚಿನ ಅರ್ಧ ನೇರವಾಗಿ ಬಂದದ್ದು ಚುಕ್ಕೆಯಿಂದಾಚೆ ಸೊಟ್ಟಗೆ ಓಡಿತು.

"ಅಮ್ಮಂದು ಇಲ್ಲೀವರೆಗೆ, ಅಜ್ಜಿದು ಇಲ್ಲಿಂದ," ಎಂದು ಗುಬ್ಬಿ ಕ್ಲಾಸಿನಲ್ಲಿ ಎಲ್ಲರಿಗೂ ಬೆರಳಿಟ್ಟು ತೋರಿಸಿದಳು. ಸ್ಕರ್ಟು ಸೊಂಟಕ್ಕೆ ಬಿಗಿಯಾಗುತ್ತಿತ್ತು. ಆದರೂ ಅದನ್ನೇ ಹಾಕಿಕೊಂಡು ಹೋದಳು.

ಮನೆ ದಾರಿಗೆ ಬಂತು. ಚಿಲಕಗಳು ಹಾಕಿದಲ್ಲೇ ಇರುತ್ತಿದ್ದವು. ಗುಬ್ಬಿ ರಾತ್ರಿಯೆಲ್ಲ ನಿದ್ದೆ ಮಾಡಿದಳು, ಮಗಳು ತನ್ನ ಹಾಸಿಗೆಗೆ ಮರಳಿದಳು, ಬೀಗದವನು ಉಪ್ಪಿನ ಮಾತೆತ್ತಲಿಲ್ಲ. ಮಧ್ಯಾಹ್ನ ಹಿಂಬದಿಯ ಕೋಣೆ ಸದ್ದಿಲ್ಲದೆ ಇರುತ್ತಿತ್ತು. ಇಲ್ಲದ ಆ ಸದ್ದೇ ಈಗ ಟೀಚರಿಗೆ ಕೇಳಿಸತೊಡಗಿತು. ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ನಾಲ್ಕು ಬೇಗ ಬೇಗ, ಒಂದು ತಡೆದು. ಒಂದನೆಯ ಕ್ಲಾಸಿನಲ್ಲಿ "ಕೆಲವರು ನಂಬುತ್ತಾರೆ" ಎಂದವಳು ಮುಂದಿನ ಮಾತು ಮರೆತು ಗಂಟೆ ಹಿಡಿದು ನಿಂತುಬಿಟ್ಟಳು. ಸಂಜೆ ಗಂಡ ಚಿಲಕ ಎಳೆಯುವುದನ್ನು ನೋಡಿದಾಗಲೆಲ್ಲ ನಾದಿನಿಯನ್ನು ತಾನೇ ಹೊರಗೆ ತಳ್ಳಿ ಬಾಗಿಲು ಹಾಕಿದಂತೆ ಸಂಕಟವಾಗುತ್ತಿತ್ತು. ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಸಂಕಟ ಕಡಿಮೆಯಾಗಲಿಲ್ಲ.

ಒಂದು ಬೆಳಿಗ್ಗೆ ಹಾಲಿನವಳು ಮತ್ತೆ ಕೂಗಿದಳು. "ಬೀಗದಣ್ಣಾ! ಬಾಗಿಲು!"

ಎರಡೂ ಚಿಲಕ ತೆಗೆದಿದ್ದವು. ಹೊರಗಿನ ತಣ್ಣನೆಯ ಗಾಳಿ ಹಜಾರದಲ್ಲಿ ಓಡಾಡುತ್ತಿತ್ತು. ಬೀಗದವನು ತಲೆಯ ಮೇಲೆ ಕೈಹೊತ್ತು ನಿಂತ.

"ಗುಬ್ಬೀ!"

"ನಾನಲ್ಲ ಮಾವ! ನಿಜವಾಗ್ಲೂ! ಸ್ಟೂಲು ನೋಡಿ, ಅಲ್ಲೇ ಇದೆ."

"ಅಮ್ಮಾ?"

"ನನ್ನ ಕೈಗೆ ಆ ಮೇಲಿನದು ಎಟುಕುತ್ತೇನೋ?" ಎಂದಳು ಅಜ್ಜಿ. ಅವಳ ಕಣ್ಣು ಮಾತ್ರ ಬಾಗಿಲಲ್ಲೇ ನೆಟ್ಟಿತ್ತು.

"ನಾನಂತೂ ಅಲ್ಲ," ಎಂದಳು ಮಗಳು. ಅವಳ ಮುಖ ಬಿಳುಚಿಕೊಂಡಿತ್ತು.

ಟೀಚರನ್ನು ಯಾರೂ ಕೇಳಲಿಲ್ಲ. ಅವಳು ಬೆರಳಿಗಂಟಿದ್ದ ಚಿಲಕದ ಎಣ್ಣೆಯನ್ನು ಮಸಿಬಟ್ಟೆಗೆ ಒರೆಸಿ, ಉಕ್ಕಿ ಬರುತ್ತಿದ್ದ ಹಾಲನ್ನು ಇಳಿಸಿದಳು.